ಮೂರು ಸಲ ಊದಬೇಕು

ಆಸ್ಪತ್ರೆಯ ಪರೀಕ್ಷಾ ಕೋಣೆಯೊಳಗೆ ಮುಂದಿನ ರೋಗಿ ಬಂದ. ಅವಳ ಕೈಯಲ್ಲಿದ್ದ ಮೂಗಿನ ಕ್ಲಿಪ್ ಟಪ್ಪನೆ ಕೆಳಗೆ ಬಿತ್ತು!

ಅವನೇ... ಅವಳ ಮರಕುಟಿಗ! ಬಡಗಿಗೆ ಅವಳೇ ಇಟ್ಟ ಹೆಸರದು. ಮದುವೆಗೆ ಹದಿನೈದು ದಿನ ಇರುವಾಗ 'ನನ್ನ ಮರೆತುಬಿಡು' ಅಂತ ಒಂದೇ ಸಾಲು ಕಳಿಸಿ ಮಾಯವಾಗಿದ್ದ ಪುಣ್ಯಾತ್ಮ!

"ನೀನು... ಇಲ್ಲಿ?" ಅವನ ಮುಖ ಬಿಳಿಚಿಕೊಂಡಿತು.

"ಹೋದ ವಾರ ವರ್ಗ ಆಯ್ತು. ಕೂತ್ಕೊಳ್ಳಿ."

ಶ್ವಾಸಕೋಶದ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ, ಯಂತ್ರದ ಕೊಳವೆಗೆ ಬಾಯಿಟ್ಟು ಮೂರು ಸಲ ಜೋರಾಗಿ ಊದಬೇಕು. ಪಕ್ಕದಲ್ಲಿ ನಿಂತು ಕೂಗಿ ಹುರಿದುಂಬಿಸುವುದೇ ಅವಳ ಕೆಲಸ.

"ಊದಿ... ಊದಿ... ಇನ್ನೂ ಊದಿ!"

ಅರ್ಧಕ್ಕೇ ನಿಲ್ಲಿಸಿದ. "ನನ್ನ ಕೈಲಾಗಲ್ಲ."

"ಕೈ ಕೊಡೋಕೆ ಮಾತ್ರ ಆಗುತ್ತೆ, ಅಲ್ವಾ?"

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದಿಟ್ಟ. "ಅಣ್ಣ ಶ್ವಾಸಕೋಶ ಸವೆದೇ ತೀರ್ಕೊಂಡ. ಸಿಗರೇಟು ಮುಟ್ಟಿದವನಲ್ಲ. ವಂಶವಾಹಿ ದೋಷ, ಅದರ ಮೇಲೆ ಮರದ ಹೊಟ್ಟು ಅಂದ್ರು. ನನ್ನ ರಕ್ತಪರೀಕ್ಷೆಯಲ್ಲೂ ಅದೇ ಬಂತು. ಅತ್ತಿಗೆ ಆಕ್ಸಿಜನ್ ಸಿಲಿಂಡರ್ ಪಕ್ಕ ಎರಡು ವರ್ಷ ಕೂತಿದ್ರು ಕಣೇ... ನಿನ್ನನ್ನೂ ಹಾಗೆ ಕೂರಿಸ್ಲಾ?"

ಅವಳು ಕಾಗದ ಎತ್ತಿಕೊಂಡಳು. ಇದಕ್ಕಾ? ಇನ್ನೊಬ್ಬಳಿದ್ದಾಳೆ ಅಂತ ಮೂರು ತಿಂಗಳು ಶಪಿಸಿದ್ದೆನಲ್ಲ... ಇದಕ್ಕಾ!

ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು.

"ಇದನ್ನ ಡಾಕ್ಟರಿಗೆ ತೋರಿಸಿದ್ಯಾ?"

"ತೋರ್ಸೋದೇನು? ದೋಷ ಇದೆ ಅಂತ ಬರೆದಿದೆಯಲ್ಲ. ಎಷ್ಟು ಸವೆದಿದೆ ಅಂತ ನೋಡೋಕೆ ಇಲ್ಲಿಗೆ ಬಂದೆ, ಅಷ್ಟೇ."

"ಅಯ್ಯೋ ಮರಕುಟಿಗ! ಒಂದು ಹಲಗೆ ಕುಯ್ಯೋಕೆ ಹತ್ತು ಸಲ ಅಳತೆ ಹಿಡೀತೀಯ. ಇದನ್ನ ಒಂದೇ ಸಲ ನೋಡಿ ನನ್ನ ಕತ್ತರಿಸಿ ಬಿಸಾಕಿದ್ಯಾ?" ಅವಳು ಕಾಗದದ ಸಾಲೊಂದರ ಮೇಲೆ ಬೆರಳಿಟ್ಟಳು. "ಈ ವಂಶವಾಹಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ನಿಮ್ಮಣ್ಣಂಗೆ ಎರಡೂ ಕೆಟ್ಟಿದ್ದೇ ಬಂತು. ನಿಂಗೆ ಒಂದೇ! ಇನ್ನೊಂದು ಚೆನ್ನಾಗಿದೆ ಕಣೋ!"

ಅವನು ಕಾಗದವನ್ನು ತನ್ನತ್ತ ಎಳೆದುಕೊಂಡ. "ಅಂದ್ರೆ... ನಾನು ಸಾಯಲ್ವಾ?"

"ಸಾಯ್ತೀಯ, ಮುದುಕನಾಗಿ, ನನ್ನ ಹತ್ರ ಬೈಸ್ಕೊಂಡು! ಸಿಗರೇಟು ಮುಟ್ಟಂಗಿಲ್ಲ. ಮಾಸ್ಕ್ ಇಲ್ದೆ ಗರಗಸ ಹಿಡಿಯಂಗಿಲ್ಲ."

"ಮಕ್ಕಳಿಗೆ..."

"ನನ್ನ ರಕ್ತನೂ ಪರೀಕ್ಷೆ ಮಾಡ್ಸಿ ಡಾಕ್ಟರನ್ನೇ ಕೇಳೋಣ. ಈಗ ಊದು!"

ಊದಿದ. ಪರದೆಯ ಮೇಲಿನ ಗೆರೆ ಸರ್ರನೆ ಮೇಲೇರಿತು. ಎಲ್ಲಿರಬೇಕೋ ಅಲ್ಲಿಗೇ. ಅವಳು ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟಳು.

"ನಮಗೆ ಅಂತ ಮಾಡ್ತಿದ್ದ ಮಂಚ..." ಅವನು ಮೆಲ್ಲಗೆ ಹೇಳಿದ. "ಮಾರೋಕೆ ಮನಸ್ಸು ಬರ್ಲಿಲ್ಲ. ಅರ್ಧಕ್ಕೇ ನಿಂತಿದೆ."

"ಮುಗಿಸೋಕೆ ಎಷ್ಟು ದಿನ ಬೇಕು?"

"ಹದಿನೈದು."

ಅವಳು ಕಣ್ಣೊರೆಸಿಕೊಂಡು ಕೊಳವೆಯನ್ನು ಅವನ ಬಾಯಿಗೆ ಹಿಡಿದಳು.

"ಸರಿ. ಇನ್ನೊಂದ್ಸಲ ಬಾಕಿ ಇದೆ... ಊದು!"