ಅಕ್ಕನ ಸಹಿ

ಪಿಸ್ತೂಲಿನ ಮೂತಿ ನನ್ನ ಎಡಗಿವಿಯ ಹಿಂದೆ ತಣ್ಣಗೆ ಕೂತಿತ್ತು.

ಬೇಕೆಂದೇ ಪಾಸ್‌ವರ್ಡ್ ತಪ್ಪು ಹೊಡೆದೆ. ಟೈಮ್ ಬೇಕಿತ್ತು. ಕಿವಿಯ ಹಿಂದಿದ್ದದ್ದು ಬುರುಡೆಗೆ ಬಡಿಯಿತು... ಕೀಬೋರ್ಡಿನ ಮೇಲೆ ನನ್ನದೇ ರಕ್ತ ತೊಟ್ಟಿಕ್ಕಿತು.

"ಇನ್ನೊಂದ್ಸಲ ತಪ್ಪಿದ್ರೆ ಬೆರಳು ಹೋಗುತ್ತೆ," ಎಂದ ಪಿಸ್ತೂಲು ಹಿಡಿದಿದ್ದ ಬೋಳ.

"ಬೆರಳು ಹೋದ್ರೆ ಟೈಪ್ ಮಾಡೋರು ಯಾರು?"

"ಕಾಲಿನ ಬೆರಳು."

ಕೂಗಲಿಲ್ಲ, ಬೈಯಲಿಲ್ಲ. ಅಂಥವರು ಹೇಳಿದ್ದನ್ನು ಮಾಡಿಯೇ ತೀರುತ್ತಾರೆ.

ಭಾನುವಾರ, ಹಗಲು ಹನ್ನೊಂದು ಗಂಟೆ. ಔಷಧಿ ಪರೀಕ್ಷೆ ಮಾಡುವ ಲ್ಯಾಬಿನ ಮೂರನೇ ಮಹಡಿ. ರಜೆ, ಹಾಗಾಗಿ ನರಪಿಳ್ಳೆ ಇಲ್ಲ. ಬಾಗಿಲಿಗೆ ಅಡ್ಡವಾಗಿ ಇನ್ನೊಬ್ಬ ನಿಂತಿದ್ದ. ಗೂಳಿಯಂಥ ಕುತ್ತಿಗೆ, ಕೈಯಲ್ಲಿ ಕಬ್ಬಿಣದ ರಾಡು.

ನನ್ನ ಕಸುಬು ಇಷ್ಟೇ, ಸ್ವಾಮಿ. ಆಫೀಸಿನ ಕಂಪ್ಯೂಟರನ್ನು ಬೇರೆ ಕಡೆ ಕೂತು ನಡೆಸುವ ಹಾಗೆ ಮಾಡಿಕೊಡುವುದು. ರಿಮೋಟ್ ಆಕ್ಸೆಸ್. ಅದಕ್ಕೂ ಮುಂಚೆ ಆರು ವರ್ಷ ಒಂದು ಕ್ಲಬ್ಬಿನ ಬಾಗಿಲಲ್ಲಿ ಬೌನ್ಸರ್ ಆಗಿದ್ದೆ. ಎರಡು ಸಲ ಮೂಗು ಮುರಿಸಿಕೊಂಡದ್ದು ಸಾಕು ಎಂದು ಅಕ್ಕ ಕುತ್ತಿಗೆಗೆ ಕೈ ಹಾಕಿ ಕಂಪ್ಯೂಟರ್ ಕ್ಲಾಸಿಗೆ ತಳ್ಳಿದಳು.

ನಾನು ಕೂತಿದ್ದದ್ದು ಅದೇ ಅಕ್ಕನ ಟೇಬಲ್ಲಿನ ಮುಂದೆ.

ಅದು ಬೋಳನಿಗೆ ಗೊತ್ತಿರಲಿಲ್ಲ. ತಮ್ಮನಿಗೆ ಕಂಟ್ರಾಕ್ಟ್ ಕೊಡಿಸಿದಳು ಎಂಬ ಮಾತು ಬರಬಾರದೆಂದು ಅಕ್ಕ ನಮ್ಮ ಸಂಬಂಧದ ಬಗ್ಗೆ ಆಫೀಸಿನಲ್ಲಿ ಬಾಯಿಬಿಟ್ಟಿರಲಿಲ್ಲ. ಲ್ಯಾಬಿಗೆ ಎರಡು ತಿಂಗಳ ಹಿಂದಷ್ಟೇ ಸೇರಿದ್ದ ಮ್ಯಾನೇಜರ್ ಬೆಳಿಗ್ಗೆ ಫೋನ್ ಮಾಡಿ, ಅರ್ಜೆಂಟಾಗಿ ಮೇಡಂ ಕಂಪ್ಯೂಟರಿಗೆ ರಿಮೋಟ್ ಹಾಕಬೇಕು, ನಿಮ್ಮ ನಂಬರ್ ಅವರೇ ಕೊಟ್ಟರು ಎಂದಿದ್ದ. ಅಕ್ಕನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಓಡಿಬಂದೆ. ಲಿಫ್ಟಿನ ಬಾಗಿಲು ತೆರೆದಾಗ ಪಿಸ್ತೂಲು ಕಾಯುತ್ತಿತ್ತು.

ವಿಷಯ ನನಗೆ ಅರ್ಧ ಗೊತ್ತಿತ್ತು. ಹುಟ್ಟಿದ ಮಗುವಿಗೆ ಕೊಡುವ ಇಂಜೆಕ್ಷನ್ನಿನ ಒಂದು ಬ್ಯಾಚಿನಲ್ಲಿ ರೋಗಾಣು ಸಿಕ್ಕಿದೆ, ಅದನ್ನು ತಯಾರಿಸಿದ ಕಂಪನಿಯವರು ಪಾಸ್ ಮಾಡಿ ಎಂದು ಬೆನ್ನು ಹತ್ತಿದ್ದಾರೆ ಎಂದು ಅಕ್ಕ ಹಿಂದಿನ ವಾರ ಹೇಳಿದ್ದಳು. ಅವಳ ಸಹಿ ಬಿದ್ದರೆ ನಾಳೆ ಬೆಳಿಗ್ಗೆ ಲಾರಿ ಆಸ್ಪತ್ರೆಗಳಿಗೆ ಹೊರಡುತ್ತದೆ. ಸಹಿ ಬೀಳುವುದು ಈ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಅದೂ ಸಹಿಯ ಹೊತ್ತಿಗೆ ಸಾಫ್ಟ್‌ವೇರ್ ಕ್ಯಾಮೆರಾದಲ್ಲಿ ಅವಳ ಮುಖ ನೋಡುತ್ತದೆ. ಹೊಡೆತ ತಿಂದ ಹೆಂಗಸನ್ನು ಗೇಟಿನ ವಾಚ್‌ಮನ್ ಕಣ್ಣೆದುರು ಎಳೆದು ತರುವಂತಿಲ್ಲ. ಅದಕ್ಕೆ, ಅವಳನ್ನು ಕೂಡಿಹಾಕಿದ ಕಡೆಯಿಂದಲೇ ಸಹಿ ಹಾಕಿಸಲು, ನಾನು.

ಸಾಫ್ಟ್‌ವೇರ್ ಹಾಕಿದೆ. ಪರದೆಯ ಮೇಲೆ ಒಂಬತ್ತು ಅಂಕಿಯ ಕೋಡ್ ಬಂತು. ಬೋಳ ಸ್ಪೀಕರ್ ಫೋನಿನಲ್ಲಿ ಮ್ಯಾನೇಜರಿಗೆ ಓದಿ ಹೇಳಿದ. ಆ ಕಡೆಯ ಲ್ಯಾಪ್‌ಟಾಪಿನಲ್ಲಿ ಏನೇ ಕೇಳಿದರೂ 'ಒಪ್ಪಿಗೆ' ಒತ್ತುತ್ತಾ ಹೋಗಿ ಎಂದೆ ನಾನು. ಅವನು ಒತ್ತಿದ. ಒಂದನ್ನೂ ಓದಲಿಲ್ಲ. ಯಾರೂ ಓದುವುದಿಲ್ಲ... ಆ ಲ್ಯಾಪ್‌ಟಾಪನ್ನೂ ದೂರದಿಂದ ನಡೆಸುವ ಬೀಗದ ಕೈ ಹೀಗೆ ನನ್ನ ಜೇಬಿಗೆ ಬಂತು.

ಕ್ಯಾಮೆರಾ ಹತ್ತಿಕೊಂಡಿತು.

ಅಕ್ಕ!

ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ಕೆನ್ನೆ ಬನ್ನಿನ ಹಾಗೆ ಊದಿತ್ತು. ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದಳು, ಗುರುತೇ ಇಲ್ಲದವರ ಹಾಗೆ.

"ನನ್ನ ಮುಖ ಕಾಣ್ತಾ ಇದೆಯಾ?"

"ಕಾಣ್ತಾ ಇದೆ, ಮೇಡಂ. ಸ್ವಲ್ಪ ಹೊತ್ತು ತಡೀರಿ."

ನಲವತ್ತು ವರ್ಷದಲ್ಲಿ ಮೊದಲ ಸಲ ಅಕ್ಕನನ್ನು ಮೇಡಂ ಎಂದೆ. ದನಿ ನಡುಗಲಿಲ್ಲ. ಮೌಸ್ ಹಿಡಿದ ಕೈ ಮಾತ್ರ ಮೌಸನ್ನು ಪುಡಿಮಾಡುವುದರಲ್ಲಿತ್ತು.

ಕನೆಕ್ಷನ್ ಎಲ್ಲಿಂದ ಬಂದಿದೆ ಎಂದು ನೋಡಿದೆ. ನೆಟ್‌ವರ್ಕ್ ಅಡ್ರೆಸ್ಸಿನ ಕೊನೆಯ ಸಂಖ್ಯೆ ಐವತ್ತೆರಡು. ಲ್ಯಾಬಿನ ಹಳೆ ಕಟ್ಟಡ! ಎರಡು ಬೀದಿ ಆಚೆ, ಆರು ತಿಂಗಳಿಂದ ಖಾಲಿ. ಅಲ್ಲಿನ ಕಂಪ್ಯೂಟರುಗಳಿಗೆ ನಂಬರ್ ಹಂಚಿದವನು ನಾನೇ. ಐವತ್ತೆರಡು ಎಂದರೆ ಎರಡನೇ ಮಹಡಿಯ ಮೀಟಿಂಗ್ ರೂಮು.

ಮೈಕ್ ಮ್ಯೂಟ್ ಮಾಡಿ, ಈ ಕಡೆಯ ಕ್ಯಾಮೆರಾ ಆರಿಸಿದೆ. ಕೈಗೆ ಸಿಕ್ಕ ಅತಿ ದೊಡ್ಡ ಫೈಲೊಂದನ್ನು ಆ ಕಡೆಗೆ ಕಳಿಸಲು ಹಚ್ಚಿದೆ. ಎರಡೂ ಪರದೆಯ ಮೇಲೆ ಪಟ್ಟಿ ಮೂಡಿತು. ನೂರಕ್ಕೆ ಎರಡು... ಮೂರು... ಕ್ಯಾಮೆರಾ ಸಾಫ್ಟ್‌ವೇರ್ ಹೋಗ್ತಾ ಇದೆ, ಇಪ್ಪತ್ತು ನಿಮಿಷ ಬೇಕು ಎಂದು ಬೋಳನಿಗೆ ಹೇಳಿದೆ. ಅವನು ಅದನ್ನೇ ಮ್ಯಾನೇಜರಿಗೆ ಹೇಳಿ ಫೋನ್ ಇಟ್ಟ.

ಟೇಬಲ್ ಕೆಳಗೆ ಒಂದು ಕೇಬಲ್ ಸಡಿಲ ಇದೆ, ಬಿಗಿಮಾಡುತ್ತೇನೆ ಎಂದೆ. ಬೋಳ ತಲೆಯಾಡಿಸಿದ.

ಟೇಬಲ್ ಕೆಳಗೆ, ಗೋಡೆಯ ಮೂಲೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು.

ಪಿನ್ ಕಿತ್ತೆ. ಏಳುತ್ತಲೇ ಬೋಳನ ಮುಖಕ್ಕೆ ಬಿಟ್ಟೆ!

ರೂಮು ಬೆಳ್ಳಗಾಯಿತು. ಗುಂಡು ಹಾರಿತು. ನನ್ನ ಕಿವಿಯ ತುದಿ ಹೋಯಿತು. ಆಮೇಲೆ ಲೆಕ್ಕ ಹಾಕೋಣ ಎಂದುಕೊಂಡು ಸಿಲಿಂಡರನ್ನು ಅವನ ಮೊಣಕಾಲಿಗೆ ಇಳಿಸಿದೆ. ಒಣಕಟ್ಟಿಗೆ ಮುರಿದ ಸದ್ದು. ಪಿಸ್ತೂಲು ಬೀರುವಿನ ಅಡಿಗೆ ಜಾರಿಹೋಯಿತು. ಅವನು ಕಿತ್ತುಕೊಂಡಿದ್ದ ನನ್ನ ಫೋನನ್ನೂ ಅವನದನ್ನೂ ಅವನ ಜೇಬಿನಿಂದ ಎಳೆದುಕೊಂಡೆ.

ಗೂಳಿ ಕೆಮ್ಮುತ್ತಾ ರಾಡು ಬೀಸಿದ. ಪಕ್ಕೆಲುಬು ಲಟ್ಟೆಂದಿತು. ಅವನ ಕಂಕುಳ ಕೆಳಗೆ ನುಸುಳಿ ಮೆಟ್ಟಿಲಿಗೆ ಬಿದ್ದೆ. ಇಳಿಯಲಿಲ್ಲ, ಉರುಳಿದೆ. ಗೇಟಿನಲ್ಲಿ ಗುಂಡಿನ ಸದ್ದಿಗೆ ವಾಚ್‌ಮನ್ ಎದ್ದು ನಿಂತಿದ್ದ. ಮೇಲಿನ ಬಾಗಿಲು ಹೊರಗಿಂದ ಹಾಕಿಕೋ, ಪೊಲೀಸರನ್ನು ಹಳೆ ಕಟ್ಟಡಕ್ಕೆ ಕಳಿಸು ಎಂದು ಹೇಳಿ ಓಡಿದೆ.

ಹಿಂದೆ ಗೂಳಿಯ ಬೂಟು. ದಪ್ಪಗಿದ್ದರೂ ಓಟದಲ್ಲಿ ಕಮ್ಮಿಯಿಲ್ಲ ಆಸಾಮಿ. ಉಸಿರೆಳೆದರೆ ಪಕ್ಕೆಯಲ್ಲಿ ಚಾಕು ಆಡಿದಂತೆ. ಮೊದಲ ಬೀದಿ... ಎರಡನೇ ಬೀದಿ... ಹಳೆ ಕಟ್ಟಡದ ಕಬ್ಬಿಣದ ಗೇಟು ಒಂದಾಳು ನುಗ್ಗುವಷ್ಟು ತೆರೆದಿತ್ತು. ಒಳಗೆ ಹೊಕ್ಕು ಅದರ ಹಿಂದೆಯೇ ನಿಂತೆ.

ಗೂಳಿ ರಾಡಿನ ಕೈಯನ್ನು ಮೊದಲು ಒಳಗೆ ತೂರಿಸಿದ. ಮೈಭಾರವನ್ನೆಲ್ಲ ಹಾಕಿ ಗೇಟು ಒದ್ದೆ.

ಮೊಣಕೈ ಬಗ್ಗಬಾರದ ಕಡೆಗೆ ಬಗ್ಗಿತು. ಅವನು ಬಾಯಿ ತೆರೆದ. ಸದ್ದು ಬರುವುದರೊಳಗೆ ಹಣೆಯಿಂದ ಅವನ ಮೂಗಿಗೆ ಕೊಟ್ಟೆ. ಮೂಗು ಮುರಿಯುವುದು ಹೇಗೆಂದು ನನಗೆ ಹೇಳಿಕೊಡಬೇಕಾಗಿಲ್ಲ.

ಎರಡನೇ ಮಹಡಿ. ಮೀಟಿಂಗ್ ರೂಮಿನ ಗಾಜಿನಾಚೆ ಅಕ್ಕ ಕಂಡಳು. ಸೊಂಟ ಕುರ್ಚಿಗೆ ಬಿಗಿದಿತ್ತು. ಟೈಪ್ ಮಾಡಬೇಕಲ್ಲ, ಕೈ ಬಿಟ್ಟಿದ್ದರು. ಮ್ಯಾನೇಜರ್ ಅವಳ ಕುತ್ತಿಗೆಗೆ ಲ್ಯಾಬಿನ ಸಣ್ಣ ಚಾಕು ಹಿಡಿದು, ಪರದೆಯ ಪಟ್ಟಿ ನೋಡುತ್ತಾ ನಿಂತಿದ್ದ. ಇಸ್ತ್ರಿ ಹಾಕಿದ ಶರ್ಟು. ಗೆಣ್ಣುಗಳ ಮೇಲೆ ಅಕ್ಕನ ರಕ್ತ.

ನುಗ್ಗಿದರೆ ಚಾಕು ಇಳಿಯುತ್ತದೆ.

ಫೋನಿನಿಂದ ಲ್ಯಾಪ್‌ಟಾಪಿಗೆ ಕನೆಕ್ಟ್ ಆದೆ. ವಾಲ್ಯೂಮ್ ನೂರಕ್ಕೆ ಏರಿಸಿ ಸೈರನ್ ಹಚ್ಚಿದೆ.

ಖಾಲಿ ರೂಮು, ಆ ಸದ್ದು... ಮ್ಯಾನೇಜರ್ ಬೆಚ್ಚಿ ಹಿಂದೆ ಸರಿದ. ಅಷ್ಟು ಸಾಕಾಯಿತು ಅಕ್ಕನಿಗೆ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಅಂಚಿನಿಂದ ಅವನ ಹಲ್ಲಿಗೆ ಕೊಟ್ಟಳು!

ಸೈರನ್ ನಿಲ್ಲಿಸಿ ಒಳಗೆ ನುಗ್ಗಿದೆ, ಮಿಕ್ಕಿದ್ದು ನನ್ನ ಪಾಲಿಗೆ. ಚಾಕು ಹಿಡಿದ ಮಣಿಕಟ್ಟನ್ನು ಟೇಬಲ್ಲಿನ ಅಂಚಿಗೆ ಒಂದು ಸಲ ಬಡಿದೆ. ಬೆರಳು ಬಿಚ್ಚಲಿಲ್ಲ. ಇನ್ನೊಂದು ಸಲ ಬಡಿದೆ. ಮೂರನೆಯದು ಬೇಕಿರಲಿಲ್ಲ, ಆದರೂ ಬಡಿದೆ... ಅದು ಅಕ್ಕನ ಕಣ್ಣಿನ ಬಾಬ್ತು.

"ಸಾಕು ಬಿಡೋ," ಎಂದಳು ಅಕ್ಕ. "ಇವ್ನು ಸತ್ರೆ ಮಾಡಿಸಿದವ್ರ ಹೆಸರು ಹೇಳೋರು ಯಾರು?"

ಕಟ್ಟು ಬಿಚ್ಚಿದೆ. ಆಸ್ಪತ್ರೆಗೆ ಹೋಗೋಣ ಎಂದರೆ ಕೇಳಲಿಲ್ಲ. ಲ್ಯಾಪ್‌ಟಾಪ್ ಮೂಲೆ ನೆಗ್ಗಿದ್ದರೂ ಕನೆಕ್ಷನ್ ಬದುಕಿತ್ತು. ಈಗಲೇ ರಿಪೋರ್ಟ್ ತೆಗೆ, ಫೇಲ್ ಎಂದು ಸಹಿ ಹಾಕಿಯೇ ಏಳುತ್ತೇನೆ ಎಂದು ಹಟ ಹಿಡಿದಳು. ತೆಗೆದುಕೊಟ್ಟೆ. ತನ್ನ ಪಿನ್ ನಂಬರ್ ಹೊಡೆದಳು. ಕ್ಯಾಮೆರಾ ಅವಳ ಮುಖ ನೋಡಿತು.

'ಮುಖ ಹೊಂದುತ್ತಿಲ್ಲ.'

ಮತ್ತೆ ಹೊಡೆದಳು. ಮತ್ತೆ ಅದೇ. ಊದಿದ ಕೆನ್ನೆ, ಮುಚ್ಚಿದ ಕಣ್ಣು... ಸಾಫ್ಟ್‌ವೇರಿಗೆ ಅವಳು ಯಾರೋ.

ಗೋಡೆಗೊರಗಿದ್ದ ಮ್ಯಾನೇಜರ್ ಆ ಅಕ್ಷರಗಳನ್ನು ಓದುವುದನ್ನು ನಾನು ನೋಡಿದೆ. ಅವನ ಮುಖದಿಂದ ಉಳಿದಿದ್ದ ರಕ್ತವೂ ಇಳಿಯಿತು.

"ನಾನು ಹೂಂ ಅಂದಿದ್ರೂ ನಿಮ್ಮ ಕೆಲಸ ಆಗ್ತಿರ್ಲಿಲ್ಲ," ಅಕ್ಕ ಅವನಿಗೆ ಹೇಳಿದಳು. "ನೀವೇ ಕೈಯಾರೆ ಕೆಡಿಸ್ಕೊಂಡ್ರಿ." ನಗಲು ಹೋಗಿ ತುಟಿ ಮತ್ತೆ ಸೀಳಿತು. ಕರ್ಚೀಫ್ ಒತ್ತಿಕೊಂಡೇ ಔಷಧ ಇಲಾಖೆಯ ಅಧಿಕಾರಿಯ ಮನೆಗೆ ಫೋನ್ ಮಾಡಿ ಲಾರಿ ತಡೆಸಿದಳು. ಅಷ್ಟರಲ್ಲಿ ಕೆಳಗೆ ಪೊಲೀಸ್ ಜೀಪು ನಿಂತಿತು.

ಊತ ಇಳಿಯಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೇ ದಿನ ಅಕ್ಕ ತನ್ನ ಟೇಬಲ್ಲಿಗೇ ಹೋಗಿ ಕೂತು ಸಹಿ ಹಾಕಿದಳು. ಇಡೀ ಬ್ಯಾಚು ಸುಡುವ ಕುಲುಮೆಗೆ ಹೋಯಿತು. ಮ್ಯಾನೇಜರ್ ಹೇಳಿದ ಹೆಸರಿನ ಮೇಲೆ ಕಂಪನಿಯ ಮಾಲೀಕನನ್ನು ಮನೆಯ ಮೆಟ್ಟಿಲ ಮೇಲೇ ಹಿಡಿದರು.

ಆರೋಗ್ಯ ಸರಿಯಿಲ್ಲ, ವಿಚಾರಣೆಗೆ ಮನೆಯಿಂದಲೇ ವಿಡಿಯೋದಲ್ಲಿ ಹಾಜರಾಗುತ್ತೇನೆ ಎಂದು ಮಾಲೀಕ ಕೋರ್ಟಿಗೆ ಅರ್ಜಿ ಹಾಕಿಕೊಂಡನಂತೆ. ವಿಡಿಯೋ ಜೋಡಿಸುವ ಸಲಹೆ ಕೇಳಲು ಅವನ ವಕೀಲ ಫೋನ್ ಮಾಡಿದ್ದು, ಊರವರನ್ನೆಲ್ಲ ಬಿಟ್ಟು, ನನಗೆ.

ಜೈಲಿಗೆ ಖುದ್ದಾಗಿಯೇ ಹೋಗಬೇಕು ಎಂದು ಹೇಳಿ ಲೈನ್ ಕಟ್ ಮಾಡಿದೆ.