ಗ್ರೀನ್‌ವಿಲ್‌ನಲ್ಲಿ ತೆರೆದ ಡಬ್ಬಿ

ಆ ಶನಿವಾರ ಸುರೇಶ ಎಂದಿನಂತೆ ಕಮ್ಮಿಂಗ್‌ನ ಗುರುಸಿದ್ದಪ್ಪನವರ ಮನೆಗೆ ಕಾಫಿಗೆ ಹೋದಾಗ ಸೋಫಾದ ಅಂಚಿನಲ್ಲಿ ನಿಕಿತಾ ಕೂತಿದ್ದಳು. ಅವಳ ಅಣ್ಣ ರಿತೇಶ ಒಬ್ಬನೇ ಹಾರಿಸುತ್ತಿದ್ದ ಪುಟ್ಟ ವಿಮಾನ ಕಾಡಿಗೆ ಬಿದ್ದು ತಿಂಗಳಾಗಿತ್ತು. ದಾರಿಯ ನಡುವೆ ಗ್ರೀನ್‌ವಿಲ್ ಎಂಬ ಊರಿನಲ್ಲಿ ಇಳಿದು, ಒಯ್ದಿದ್ದ ಡಬ್ಬಿಯ ಊಟ ಮಾಡಿ, ಮತ್ತೆ ಹಾರಿದ್ದ. ಹೊಟ್ಟೆಯಲ್ಲಿ ಮೊಸರನ್ನ, ರಕ್ತದಲ್ಲಿ ನಿದ್ದೆ ಮಾತ್ರೆ ಎಂದು ವರದಿ ಬಂದಿತ್ತು.

"ಅವನೇ ತಗೊಂಡ ಅಂತಾರೆ ಅಂಕಲ್. ಫ್ಲೈ ಮಾಡೋ ದಿನ ಅವನು ನೀರು ಕೂಡ ಕುಡೀತಿರ್ಲಿಲ್ಲ. ಆ ಪ್ಲೇನ್‌ನಲ್ಲಿ ಬಾತ್‌ರೂಮ್ ಇರಲ್ಲ. ಅಷ್ಟು ಕೇರ್‌ಫುಲ್ ಇದ್ದೋನು ಮಾತ್ರೆ ನುಂಗ್ತಾನಾ?"

ಗುರುಸಿದ್ದಪ್ಪ ಧಾರವಾಡದವರು, ಹೆಣ ಕೊಯ್ದೇ ನಿವೃತ್ತರಾದ ಡಾಕ್ಟರು. ಹೊರದೇಶದ ಆ ಊರಿನಲ್ಲಿ ಕನ್ನಡಿಗರ ಮನೆಯಲ್ಲಿ ಏನು ಎಡವಟ್ಟಾದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾರು ಓಡಿಸುವುದು, ಬೈಸಿಕೊಳ್ಳುವುದು ಸುರೇಶನ ಪಾಲು.

ಇಬ್ಬರೂ ರಿತೇಶನ ರೂಮ್‌ಮೇಟ್ ಚಿರಾಗನ ತಾಯಿ ವಸಂತಾ ಅವರ ಮನೆಗೆ ಹೋದರು. ಚಿರಾಗ ಹೊಸ ಪೈಲಟ್ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದ. ಮೊದಲೆಲ್ಲ ಸಾವಿರಾರು ಗಂಟೆ ಹಾರಿದವರನ್ನಷ್ಟೇ ತೆಗೆದುಕೊಳ್ಳುತ್ತಿದ್ದ ಸಣ್ಣ ಏರ್‌ಲೈನ್ ಆ ವರ್ಷ ಜನ ಸಿಗದೆ ಕೆಲವೇ ನೂರಕ್ಕೆ ಇಳಿದಿತ್ತು. ಅಷ್ಟು ಗಂಟೆ ತುಂಬಲು ರಿತೇಶನಿಗೆ, ವಿಮಾನ ಬಿದ್ದ ಆ ಶುಕ್ರವಾರದ ಹಾರಾಟವೊಂದೇ ಬಾಕಿ ಇತ್ತು. ಅದರ ಮುಂದಿನ ಸೋಮವಾರ ಇಬ್ಬರೂ ಒಂದೇ ತರಬೇತಿ ಕ್ಲಾಸಿಗೆ ಸೇರಬೇಕಿತ್ತು.

"ಅವನು ಸತ್ರೆ ನಂಗೇನು ಲಾಭ ಅಂಕಲ್? ಒಂದೇ ದಿನ ಜಾಯ್ನಿಂಗ್, ಒಂದೇ ಸಂಬಳ. ಅದೂ ಪಿಜ್ಜಾ ಡೆಲಿವರಿ ಮಾಡೋರಿಗಿಂತ ಕಮ್ಮಿ" ಎಂದ ಚಿರಾಗ.

ವಸಂತಾ ಪ್ರತಿ ವಾರ ಇಬ್ಬರಿಗೂ ಡಬ್ಬಿ ಕಳಿಸುತ್ತಿದ್ದರು. ಮಗನದು ಮೀನು, ರಿತೇಶನದು ಸಸ್ಯಾಹಾರ. ಅವರ ನಿದ್ದೆ ಮಾತ್ರೆ ಅಡುಗೆಮನೆಯ ಕಪಾಟಿನಲ್ಲೇ ಇತ್ತು.

"ರಿತೇಶ ನಿನಗಿಂತ ದೊಡ್ಡಾವೇನೋ?" ಎಂದು ಗುರುಸಿದ್ದಪ್ಪ ಕೇಳಿದರು.

"ಐದು ತಿಂಗಳು."

ಹೊರಗೆ ಬಂದು ಅವರು ಅದೇ ಏರ್‌ಲೈನ್‌ನ ಪರಿಚಯದ ಪೈಲಟ್ ಒಬ್ಬನಿಗೆ ಫೋನ್ ಮಾಡಿದರು. ಮರುದಿನ ಎಲ್ಲರೂ ಅದೇ ಮನೆಯಲ್ಲಿ ಸೇರಿದರು. ನಿಕಿತಾಳೂ ಬಂದಳು.

"ರಿತೇಶನ ಹೊಟ್ಟಿಗೆ ಹೋದ ಗುಳಿಗಿ ಈ ಮನಿಯವು" ಎಂದರು ಗುರುಸಿದ್ದಪ್ಪ.

ವಸಂತಾ ಎದ್ದು ನಿಂತರು. "ನಾನೇ ಹಾಕಿದ್ದು. ಅವನ ಕಾಫಿ ಫ್ಲಾಸ್ಕ್‌ಗೆ."

"ತಾಯಿ, ಹಾರೋ ದಿನ ಆ ಹುಡುಗ ನೀರೂ ಮುಟ್ಟತಿದ್ದಿಲ್ಲ. ಗುಳಿಗಿ ಇದ್ದದ್ದು ಮೊಸರನ್ನದಾಗ. ಹಾಕಿದವರಿಗೆ ಅದು ಗೊತ್ತಿರತೈತಿ. ನಿಮಗ ಗೊತ್ತಿಲ್ಲ. ಗುಳಿಗಿ ಕಡಿಮಿ ಆಗ್ಯಾವಂತ ಅಷ್ಟ ನೋಡೀರಿ. ಇಂಥಾ ಸುಳ್ಳು ನೀವು ಒಬ್ಬನ ಸಲುವಾಗಿ ಅಷ್ಟ ಹೇಳತೀರಿ."

ಎಲ್ಲರೂ ಚಿರಾಗನತ್ತ ತಿರುಗಿದರು. ಗುರುಸಿದ್ದಪ್ಪ ಬಿಡಿಸಿ ಹೇಳಿದರು. ಆ ಏರ್‌ಲೈನ್‌ನಲ್ಲಿ ಒಂದೇ ಕ್ಲಾಸಿಗೆ ಸೇರಿದವರಲ್ಲಿ ವಯಸ್ಸಿನಲ್ಲಿ ಹಿರಿಯನಿಗೆ ಬಡ್ತಿಯ ಸರದಿಯಲ್ಲಿ ಮೇಲಿನ ನಂಬರು. ಕ್ಯಾಪ್ಟನ್ ಆಗುವುದು, ಆ ಹಸಿವಿನ ಸಂಬಳದಿಂದ ಪಾರಾಗುವುದು, ಎಲ್ಲವೂ ಆ ಸರದಿಯಲ್ಲೇ. ಶುಕ್ರವಾರ ಹಾರಲಾಗದೆ ರಿತೇಶ ಆ ಒಂದು ಕ್ಲಾಸು ತಪ್ಪಿಸಿಕೊಂಡರೆ ನಿವೃತ್ತಿಯವರೆಗೂ ಚಿರಾಗನ ಹಿಂದೆ.

"ಬ್ರೇಕ್‌ಫಾಸ್ಟ್‌ಗೆ ತಿಂದು ರೂಮಲ್ಲೇ ಮಲಗ್ತಾನೆ ಅನ್ಕೊಂಡೆ" ಎಂದ ಚಿರಾಗ. "ಹೊರಗೆ ಊಟಕ್ಕೆ ದುಡ್ಡು ಹಾಕ್ಬೇಕಲ್ಲ ಅಂತ ಡಬ್ಬೀನ ಎತ್ತಿಟ್ಕೊಂಡು ಹೋಗಿದ್ದಾನೆ, ಜುಗ್ಗ."

ನಿಕಿತಾ ಮುಖ ಮುಚ್ಚಿಕೊಂಡಳು. ಚಿರಾಗ ಅಮ್ಮನ ಕಡೆ ತಿರುಗಿದ.

"ನಿನ್ನನ್ನ ಯಾರು ಬಾಯಿ ಬಿಡು ಅಂದ್ರು? ಇವರ ಹತ್ರ ಪ್ರೂಫ್ ಏನಿತ್ತು?"

ವಸಂತಾ ಗುರುಸಿದ್ದಪ್ಪನವರನ್ನೇ ನೋಡಿದರು. ಮಗ ಸಿಕ್ಕಿಬಿದ್ದದ್ದು ತನ್ನ ಮಾತಿನಿಂದಲ್ಲ, ಬೇರೆ ಪ್ರೂಫ್ ಏನಾದರೂ ಇತ್ತು ಎನ್ನಲಿ ಎಂದು ಆ ಕಣ್ಣು ಬೇಡುತ್ತಿತ್ತು.

"ಏನೂ ಇದ್ದಿಲ್ಲರೀ" ಎಂದರು ಗುರುಸಿದ್ದಪ್ಪ.

ಆ ಗಳಿಗೆಯಲ್ಲಿ ಸುರೇಶನಿಗೆ ಕೊಂದವನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಮುದುಕನ ಮೇಲೆ. ಅದೊಂದು ಸುಳ್ಳನ್ನಾದರೂ ಅವರು ಹೇಳಬಹುದಿತ್ತು.