ನೀರು ಹೊಯ್ದ ಒಲೆ

“ಉರಿಯೋ ಒಲೆಗೆ ನೀರು ಉಯ್ಬ್ಯಾಡ ಕಣಪ್ಪ. ಕೆಂಡ ಮಡಕೇಲಿ ಆಕ್ಕೊಂಡು ಆಯಮ್ಮನೇ ಒಲೆ ಆರ್ಸಿ ಓಗ್ಲಿ. ಮಡ್ಲಕ್ಕಿ ಕೊಟ್ಟು ಕಳ್ಸು,” ಎಂದ ಪಕ್ಕದ ಮನೆಯ ಅಂಕಯ್ಯ.

ಸಿದ್ದರಾಮು ನಕ್ಕುಬಿಟ್ಟ. ಮೈಸೂರಿನಲ್ಲಿ ಓದಿದವನು, ಸೋದರಮಾವ ಬಿಟ್ಟುಹೋದ ಮಳವಳ್ಳಿಯ ಮನೆಗೆ ಒಡೆಯನಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹನ್ನೆರಡು ವರ್ಷದಿಂದ ಅಲ್ಲಿ ಬಾಡಿಗೆಗಿದ್ದವಳು ವಿಧವೆ ಚಿಕ್ಕಬೋರಮ್ಮ. ಗೋಡೆಗೆ ಸುಣ್ಣ ಬಳಿಯುವುದು ಅವಳ ಪಾಲು, ಹೆಂಚು ಕೈಯಾಡಿಸುವುದು ಒಡೆಯನ ಪಾಲು. ಅವಳು ಒಂದು ವರ್ಷವೂ ಸುಣ್ಣ ತಪ್ಪಿಸಿರಲಿಲ್ಲ. ಬಿಡಿಸುವುದಾದರೆ ತಿಂಗಳು ಮುಂಚೆ ಹೇಳಬೇಕು. ಇವನಿಗೆ ಅಷ್ಟು ತಾಳ್ಮೆಯೆಲ್ಲಿ? ತವರಿನಲ್ಲಿ ಹೆತ್ತ ಹೆಂಡತಿ ಚಲುವಮ್ಮ ಕೂಸಿನೊಂದಿಗೆ ಬರುವವಳಿದ್ದಳು. ಬಾಡಿಗೆಯವಳಿಗೆ ನಮ್ಮ ಮನೆ ಸಮಾಚಾರ ಯಾಕೆ ಎಂಬ ಜಂಭಕ್ಕೆ, “ಉಗ್ರಾಣಕ್ಕೆ ಬೇಕು, ಇವತ್ತೇ ಬಿಡು” ಎಂದಷ್ಟೇ ಹೇಳಿದ.

ಕೊಡದ ನೀರನ್ನು ತಾನೇ ಒಲೆಗೆ ಸುರಿದ. ಬುಸ್ಸೆಂದು ಹೊಗೆ ಎದ್ದಿತು. ಚಿಕ್ಕಬೋರಮ್ಮ ಒದ್ದೆ ಬೂದಿಯನ್ನು ಬಾಚಿ, ಏನೋ ಗೊಣಗುತ್ತ ಹೊಸ್ತಿಲಿಗೆ ಮೂರು ಗೆರೆ ಎಳೆದಳು.

“ಈ ಮನೆಯೋರಿಗೆ ಎಲ್ಲೂ ಬೆಂಕಿ ಒಲೀದೆ ಓಗ್ಲಿ,” ಎಂದು ಗಂಟು ಎತ್ತಿಕೊಂಡು ಕೆರೆ ಏರಿಯ ಮಂಟಪದತ್ತ ಹೊರಟಳು.

ಮೂರನೆಯ ದಿನ ಸಂಜೆ ಬಾಣಂತಿ ಬಂದಳು. ಮಾಗಿಯ ಚಳಿ. ಅಲ್ಲಿಯವರೆಗೆ ಹೋಟೆಲಿನಿಂದ ಊಟ ತರಿಸಿ, ಬೆಳಕಿರುವಾಗಲೇ ಉಂಡು ಮಲಗುತ್ತಿದ್ದ ಸಿದ್ದರಾಮು ಒಲೆ ಹೊತ್ತಿಸಲು ಕೂತ. ಕಡ್ಡಿ ಗೀರಿದರೆ ಗಂಧಕದ ನಾತ, ಉರಿಯಿಲ್ಲ. ಯುದ್ಧಕಾಲದ ಕಳಪೆ ಮಾಲು ಎಂದು ಬೈದ. ಅಂಕಯ್ಯ ತನ್ನ ಮನೆಯಿಂದ ನಿಗಿನಿಗಿ ಕೆಂಡ ತಂದ. ಹೊಸ್ತಿಲು ದಾಟಿದ್ದೇ ತಡ, ಕಪ್ಪಾಯಿತು. ಮತ್ತೆ ತಂದ. ಮತ್ತೆ ಕಪ್ಪು. ದೀಪ ಹತ್ತಲಿಲ್ಲ. ಕತ್ತಲಲ್ಲಿ ಒದ್ದೆ ಬೂದಿಯ ವಾಸನೆ ಮೂಗಿಗೆ ಅಡರಿತು. ಕೂಸಿನ ಪಾದ ತಣ್ಣಗಾಗಿತ್ತು. ಸಿದ್ದರಾಮು ಎತ್ತಿಕೊಂಡು ಅಂಕಯ್ಯನ ಮನೆಗೆ ಓಡಿದ. ಒಳಗೆ ಕಾಲಿಟ್ಟ. ಅವರ ಒಲೆಯೂ ಆರಿತು. ಅಂಕಯ್ಯನ ಹೆಂಡತಿ ಕಿರುಚಿದಳು.

ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಕೆರೆ ಏರಿಯ ಮಂಟಪಕ್ಕೆ ಓಡಿದ. ಮೂಲೆಯಲ್ಲಿ ಮುದುರಿ ಕೂತಿದ್ದ ಚಿಕ್ಕಬೋರಮ್ಮನ ಕಾಲು ಹಿಡಿದ.

“ಕೂಸು... ನನ್ನ ಕೂಸು ಕಣಮ್ಮ. ಚಳೀಲಿ...”

“ಕೂಸಾ?” ಎಂದವಳೇ ಎದ್ದು ಅವನಿಗಿಂತ ಮುಂದೆ ಓಡಿದಳು. ಬಂದವಳೇ ಹೊಸ್ತಿಲನ್ನು ಸೆರಗಿನಿಂದ ಉಜ್ಜಿದಳು, ಉಗುರಿನಿಂದ ಕೆರೆದಳು. ಒಲೆಯ ಮುಂದೆ ಕೂತು ಊದಿದಳು. ಕಡ್ಡಿ ಹತ್ತಿತು. ಪುಳ್ಳೆ ಹತ್ತಿತು. ಮನೆಯೆಲ್ಲ ಬೆಳಕಾಯಿತು.

ಆ ಬೆಳಕಿನಲ್ಲಿ ಚಲುವಮ್ಮ ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಕೂಸಿನ ತುಟಿ ನೀಲಿಗಟ್ಟಿತ್ತು.

ಚಿಕ್ಕಬೋರಮ್ಮ ಆ ಪಾದಗಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಉಜ್ಜಿದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು.

“ಬಾಣಂತಿ ಬತ್ತಾವ್ಳೆ ಅಂತ ಒಂದ್ ಮಾತು ಏಳಿದ್ರೆ, ನೀರು ಕಾಯ್ಸಿಟ್ಟು ನಾನೇ ಓಯ್ತಿದ್ನಲ್ಲೋ ನನ್ನಪ್ಪಾ!”